ಗಂಜಿ ಹಿಡಿಸಿದ ಮೀನಿನ ಮೇವು

ಅನಗವಾಡಿ ದಾಟಿದ ಮೇಲೆ ರಸ್ತೆ ಬದಿಯ ಬೇವಿನ ನೆರಳಲ್ಲಿ, ಹಳೆಯ ಸೀರೆಯ ಮೇಲೆ ಕಂದು ಕಾಳುಗಳನ್ನು ಹರವಿದ್ದು ಕಂಡು ನಿಂತೆ. ಅದು ಕೊರವ ಮೀನಿನ ಮೇವು. ಪಕ್ಕದ ಹೊಂಡದ ಒಡೆಯ ಮಹಾದೇವಪ್ಪ ಮೊದಲು ರಬಕವಿಯಲ್ಲಿ ನೇಕಾರರಾಗಿದ್ದವರು.

ಕೊರವ ಬೇರೆ ಮೀನು ತಿಂದು ಬದುಕುವ ಜಾತಿ. ಅದರ ಮೇವಿಗೆ ಬೇಕಾದ ಮೀನಿನ ಪುಡಿ ತುಟ್ಟಿಯಾದಾಗ ಅವರು ಸೋಯಾ ಹಿಂಡಿಯ ಮೇವು ತಂದರು. ಸೋಯಾದಲ್ಲಿ ಕಡಿಮೆಯಿರುವ ಮೆಥಿಯೋನಿನ್ ಎಂಬ ಅಮೈನೋ ಆಮ್ಲದ ಪುಡಿಯನ್ನು ಅದರ ಮೇಲೆ ಉದುರಿಸಿ ಹಾಕಿದರು. ಪುಡಿಯೆಲ್ಲ ನೀರುಪಾಲಾಯಿತು. ಪೋಷಣೆ ಸಾಲದೆ ಮೀನು ಬೆಳೆಯಲಿಲ್ಲ, ಒಂದರ ಬಾಲ ಇನ್ನೊಂದು ಕಚ್ಚತೊಡಗಿತು. ಹೊಂಡವೇ ಖಾಲಿಯಾಗುವ ಭಯ ಹುಟ್ಟಿತು.

"ಮಗ್ಗದ ಹಾಸಿನ ನೂಲಿಗೆ ಗಂಜಿ ಹಿಡಸ್ತೀವಲ್ರಿ, ಹಂಗ ಇದಕ್ಕೂ ಹಿಡಿಸಿದೆ," ಎಂದರು ಮಹಾದೇವಪ್ಪ. ಪುಡಿಯನ್ನು ತೆಳು ಗಂಜಿಯಲ್ಲಿ ಕಲಸಿ, ಕಾಳಿಗೆ ಸವರಿ, ನೆರಳಲ್ಲಿ ಒಣಗಿಸುತ್ತಾರೆ. ಹಾಗೆ ಅಂಟಿದ ಪುಡಿ ನೀರಲ್ಲಿ ಬೇಗ ತೊಳೆದುಹೋಗುವುದಿಲ್ಲ.

"ಮಗ್ಗ ಬಿಟ್ರೂ ಗಂಜಿ ಬಿಡಲಿಲ್ರಿ ಇವ್ರು. ನಾಳೆ ಮೀನಿಗೆ ಸೆರಗೂ ನೇಯ್ತಾರ," ಎಂದು ಹೆಂಡತಿ ಶಾಂತವ್ವ ನಕ್ಕರು.

ಹೊಸ ಮೇವು ಹಾಕಿ ಮೂರು ವಾರವಾಗಿತ್ತು. ನನ್ನೆದುರೇ ಬಲೆ ಎಳೆದರು. ಶಾಂತವ್ವ ಒಂದೊಂದೇ ಮೀನಿನ ಬಾಲವನ್ನು ಬೆರಳಲ್ಲಿ ಬಿಡಿಸಿ ನೋಡಿದರು. ಗಂಡ ಮಾತ್ರ ಬೇರೆ ಕಡೆ ನೋಡುತ್ತ ನಿಂತಿದ್ದರು.

"ಹೊಸಾ ಗಾಯ ಒಂದೂ ಇಲ್ರಿ. ಹಳೇವೂ ಮಾಯಾಕತ್ತಾವ," ಎಂದರು ಶಾಂತವ್ವ.

ಮಹಾದೇವಪ್ಪ ದಂಡೆಯ ಮೇಲೆ ಕುಳಿತೇಬಿಟ್ಟರು. ಶಾಂತವ್ವ ಮೀನುಗಳನ್ನು ನೀರಿಗೆ ಬಿಟ್ಟು, ಕೈ ತೊಳೆದು, ಬುತ್ತಿ ಬಿಚ್ಚಿದರು.

"ಮುಂಜಾನಿಂದ ನೀರೂ ಮುಟ್ಟಿಲ್ರಿ ಇವ್ರು," ಎಂದು ನನಗೆ ಹೇಳಿ, ಗಂಡನ ಕೈಗೆ ರೊಟ್ಟಿ ಕೊಟ್ಟರು. "ಅವು ಉಣ್ಣಾಕತ್ತಾವ. ಇನ್ನರೆ ನೀವು ಉಣ್ರಿ."