ರಸ್ತೆಯಲ್ಲೇ ಉಳಿದ ಕಲ್ಲುಗಳು

“ಈ ಕಲ್ಲು ನಡುರಸ್ತೆದಾಗ ಬಿಟ್ಟು ಹೋದಾಂವ ಯಾಂವ?” ಫೌಜದಾರರು ಗದರಿದರು. ಚಡಚಣ ರಸ್ತೆಯಲ್ಲಿ ಆ ಕಲ್ಲಿಗೆ ಬೈಕ್ ಬಡಿದು ಯುವಕನೊಬ್ಬ ಸತ್ತಿದ್ದ. ದಾರಿಹೋಕನಾದ ನನ್ನನ್ನು ಪಂಚನಾಮೆಗೆ ಸಾಕ್ಷಿಯಾಗಿ ನಿಲ್ಲಿಸಿಕೊಂಡಿದ್ದರು. ಪಂಚರ್ ಆದ ಕಬ್ಬಿನ ಟ್ರ್ಯಾಕ್ಟರಿನ ಗಾಲಿಗೆ ಒಡ್ಡಿದ್ದ ಕಲ್ಲು ಅದು. ಹೊರಡುವಾಗ ಚಾಲಕ ತೆಗೆದಿರಲಿಲ್ಲ.

ಸತ್ತವನ ತಂದೆಯೂ ಟ್ರ್ಯಾಕ್ಟರ್ ಚಾಲಕ. ಕಲ್ಲಿನ ಪಕ್ಕ ಕುಳಿತಿದ್ದ ಆತ ತಲೆ ಎತ್ತದೆ ಹೇಳಿದ: “ಯಾರಿಗಂತ ಬೈಯೂದ್ರಿ ಸಾಹೇಬ್ರ? ನಾನೂ ಎಷ್ಟೋ ಸಲ ಹಿಂಗ ಬಿಟ್ಟು ಹೋಗೇನ್ರಿ.”

ಫೌಜದಾರರು ಪಂಚನಾಮೆಗೆ ನನ್ನ ಸಹಿ ಹಾಕಿಸಿಕೊಂಡರು.

ಸಂಜೆ ಅದೇ ದಾರಿಯಲ್ಲಿ ಇಂಡಿಗೆ ಮರಳುವಾಗ ಅಲ್ಲಿ ಯಾರೂ ಇರಲಿಲ್ಲ. ರಕ್ತದ ಕಲೆಯ ಸುತ್ತ ಗುರುತಿಗೆಂದು ಪೊಲೀಸರು ಇಟ್ಟಿದ್ದ ಕಲ್ಲುಗಳು ಮಾತ್ರ ಹಾಗೇ ಇದ್ದವು. ಗಾಡಿ ನಿಲ್ಲಿಸಿ ಒಂದೊಂದನ್ನೂ ಬದಿಗೆ ಎಸೆದೆ. ಯಾರಿಗೆ ಬೈಯಬೇಕೆಂದು ನನಗೂ ತಿಳಿಯಲಿಲ್ಲ.