ಲಾರ್ಡ್ ಸಾಹೇಬರಿಗೆ ನಾನು ದುಭಾಷಿಯಾದದ್ದು

ನನ್ನ ಜರ್ಮನ್ ಭಾಷೆ ಬ್ರೆಡ್ಡು ಕೊಳ್ಳುವಷ್ಟಿತ್ತು. ಜಂಬ ಮಾತ್ರ ಪಂಡಿತನಷ್ಟಿತ್ತು. ಎರಡು ಸಾವಿರದ ಇಸವಿಯಲ್ಲಿ ಜರ್ಮನಿ ಕಂಪ್ಯೂಟರ್ ಕೆಲಸದವರಿಗೆ ಕೊಡತೊಡಗಿದ ಗ್ರೀನ್ ಕಾರ್ಡ್ ಹಿಡಿದು ಹ್ಯಾಂಬರ್ಗಿಗೆ ಬಂದು ಆಗ ಎರಡು ವರ್ಷ. ಆ ಜಂಬವೇ ಒಂದು ಭಾನುವಾರ ನನ್ನನ್ನು ಸಿಕ್ಕಿಹಾಕಿಸಿತು.

ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದವರು ಎಂಬತ್ತರ ಹತ್ತಿರದ ಒಬ್ಬ ಇಂಗ್ಲಿಷ್ ಲಾರ್ಡ್. ಲಾರ್ಡ್ ಎಂದರೆ ಕುದುರೆ, ಬೆತ್ತ ಎಂದುಕೊಂಡಿದ್ದ ನನಗೆ, ಮೊಣಕೈ ಹರಿದ ಸ್ವೆಟರಿನಲ್ಲಿ ತಮ್ಮ ಕಸ ತಾವೇ ಇಳಿಸುವ ಈ ಮನುಷ್ಯ ತುಸು ನಿರಾಸೆಯನ್ನೇ ಮಾಡಿದ್ದರು. ತಂದೆಯಿಂದ ಬಂದ ಪದವಿ. ಪಾರ್ಲಿಮೆಂಟಿನ ಮೇಲ್ಮನೆಯಲ್ಲಿ ದಶಕಗಟ್ಟಲೆ ಕೂತು, ಒಮ್ಮೆ ಕಿರಿಯ ಮಂತ್ರಿಯೂ ಆಗಿ, ಹೆಂಡತಿ ತೀರಿಕೊಂಡ ಮೇಲೆ ಇಲ್ಲಿಗೆ ಬಂದಿದ್ದರು. ಏಕೆಂದು ಯಾರಿಗೂ ಹೇಳಿರಲಿಲ್ಲ.

ಕೆಳಗಿನ ಮನೆಯಲ್ಲೇ ಇದ್ದ ಮನೆಯೊಡತಿ ಫ್ರಾವ್ ಪೀಟರ್ಸನ್‌ಗೆ ಇಂಗ್ಲಿಷ್ ಬಾರದು, ಇವರಿಗೆ ಜರ್ಮನ್ ಬಾರದು. “ಆಕೆಗೆ ಒಂದು ಮಾತು ಹೇಳಬೇಕು, ಬರ್ತೀರಾ?” ಎಂದು ಲಾರ್ಡ್ ನನ್ನನ್ನು ಕರೆದರು. ನಲ್ಲಿ ಸೋರುವ ವಿಷಯವಿರಬೇಕೆಂದು ಖುಷಿಯಿಂದ ಹೋದೆ.

ಆಕೆಯ ಅಡುಗೆಮನೆಯಲ್ಲಿ ಅವರು ಹೇಳಿದ್ದು ಮೂರೇ ವಾಕ್ಯ. ದುಭಾಷಿ ‘ಅವರು’ ಎನ್ನಬಾರದು, ‘ನಾನು’ ಎನ್ನಬೇಕೆಂದು ಎಲ್ಲೋ ಓದಿದ್ದೆ. ಹಾಗೆಯೇ ಹೇಳಿದೆ: “ಯುದ್ಧದಲ್ಲಿ ನಾನು ವಿಮಾನಪಡೆಯಲ್ಲಿದ್ದೆ. ನಲವತ್ತಮೂರರ ಜುಲೈ ಕೊನೆಯ ವಾರ ಈ ಊರಿನ ಮೇಲೆ ಬಾಂಬು ಹಾಕಿದೆ. ನಿಮ್ಮ ತಾಯಿ ಸತ್ತದ್ದು ಆ ವಾರವೇ ಎಂದು ಈಚೆಗೆ ತಿಳಿಯಿತು.”

ಆಕೆ ಅವರನ್ನಲ್ಲ, ನನ್ನನ್ನು ನೋಡಿದರು. ಹುಬ್ಬಳ್ಳಿಯವನಾದ ನಾನು, ನಾನು ಹುಟ್ಟುವ ಮೊದಲೇ ನಡೆದುಹೋದದ್ದಕ್ಕೆ ಬೆವರಿದೆ.

“ಆಗ ನಿಮಗೆ ಎಷ್ಟು ವಯಸ್ಸು?” ಎಂದರು ಆಕೆ.

“ಹತ್ತೊಂಬತ್ತು.”

“ನನಗೆ ಒಂಬತ್ತು.” ಆಕೆ ಮತ್ತೆ ಕೇಳಿದರು: “ಇದನ್ನು ನಿಮ್ಮ ಪಾರ್ಲಿಮೆಂಟಿನಲ್ಲಿ ಹೇಳಿದ್ದೀರಾ?”

ಲಾರ್ಡ್ ತಲೆ ತಗ್ಗಿಸಿದರು. “ಇಲ್ಲ. ಮೀನುಗಾರಿಕೆಯ ಬಗ್ಗೆ ಬಹಳ ಮಾತಾಡಿದೆ.”

“ಸತ್ತದ್ದು ಅಮ್ಮ. ಅವಳ ಪರವಾಗಿ ನಾನು ಕ್ಷಮಿಸಲಾರೆ. ಆದರೆ ಅವಳು ಹೇಗಿದ್ದಳೆಂದು ನೀವು ಕೇಳಲೇಬೇಕು. ನನ್ನ ಭಾಷೆಯಲ್ಲೇ, ನಡುವೆ ಯಾರೂ ಇಲ್ಲದೆ.”

ಮನೆಗೆ ಬಂದಾಗ ಹೆಂಡತಿ ಸುಮಾ ಕೇಳಿದಳು: “ಏನ್ರೀ, ಮುಖ ಯಾಕ ಹಿಂಗಾಗ್ಯದ?”

“ಬಾಂಬ್ ನಾನ ಹಾಕಿದಂಗ ಅನಸ್ತದ, ಸುಮಾ,” ಎಂದೆ.

ಮರುದಿನ ಲಾರ್ಡ್ ನನ್ನ ಜರ್ಮನ್ ಪಠ್ಯಪುಸ್ತಕ ಕೇಳಿ ಒಯ್ದರು. ಆ ವಯಸ್ಸಿನಲ್ಲಿ ಮೊದಲ ಪಾಠದಿಂದ ಶುರುಮಾಡಿ, ಪ್ರತಿ ಭಾನುವಾರ ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದರು. ಮೊದಮೊದಲು ಆ ಅಡುಗೆಮನೆಯಿಂದ ಕಪ್ಪು-ಸಾಸರಿನ ಸದ್ದೇ ಹೆಚ್ಚು ಕೇಳುತ್ತಿತ್ತು. ಆಮೇಲೆ ಆಕೆಯ ದನಿ, ನಡುನಡುವೆ ಅವರದೊಂದು ಪ್ರಶ್ನೆ. ನನ್ನನ್ನು ಮತ್ತೆ ಕರೆಯಲಿಲ್ಲ.

ಒಂದೂವರೆ ವರ್ಷದ ನಂತರ ಅವರು ತೀರಿಕೊಂಡರು. ಇಂಗ್ಲೆಂಡಿನಿಂದ ಬಂದ ನೆಂಟರು ಮನೆತನ, ಮಂತ್ರಿಗಿರಿ ಎಲ್ಲವನ್ನೂ ನೆನೆದರು. ಫ್ರಾವ್ ಪೀಟರ್ಸನ್ ಮೆಟ್ಟಿಲ ಬಳಿ ನನಗೊಬ್ಬನಿಗೇ ಹೇಳಿದರು: “ಅಮ್ಮ ಹೇಗೆ ನಗುತ್ತಿದ್ದಳೆಂದು ಅವರಿಗೆ ಗೊತ್ತಿತ್ತು. ಗೊತ್ತಿರುವವಳು ಇನ್ನು ನಾನೊಬ್ಬಳೇ.”