ಒಂಟೆಗಳ ದಾರಿಗೆ ನಾಲ್ಕು ನಿಂಬೆಹಣ್ಣು

ಟೈರು ರಿಮ್ಮಿನಿಂದ ಕಳಚಿಕೊಳ್ಳಬಹುದಿತ್ತು. ದಿಬ್ಬದ ನೆತ್ತಿಯಲ್ಲಿ ಗಾಡಿ ಪಲ್ಟಿ ಹೊಡೆಯಬಹುದಿತ್ತು. ಎಂಜಿನ್ ಕಾದು, ಫೋನಿಗೆ ಸಿಗ್ನಲ್ ಇಲ್ಲದೆ, ನೀರು ಮುಗಿದು, ನಮ್ಮನ್ನು ಹುಡುಕಲು ಬಂದವರೂ ಮರಳಿನಲ್ಲಿ ಹೂತುಕೊಳ್ಳಬಹುದಿತ್ತು. ದಾರಿ ತಪ್ಪಿ ಒಮಾನಿನ ಗಡಿ ದಾಟಿ, ವೀಸಾ ಇಲ್ಲದೆ ಅಲ್ಲಿನ ಪೊಲೀಸರ ಮುಂದೆ ನಾನು ಬೆವರುತ್ತ ನಿಲ್ಲಬಹುದಿತ್ತು. ಒಂಟೆಯೊಂದು ಅಡ್ಡ ಬಂದು, ಅದರ ಮಾಲೀಕ ಅದನ್ನು ಓಟದ ಪಂದ್ಯ ಗೆದ್ದ ಒಂಟೆ ಅನ್ನಬಹುದಿತ್ತು. ಚೇಳು ಶೂ ಒಳಗೆ, ಎಮಿರೇಟ್ಸ್ ಐಡಿ ಮರಳಿನೊಳಗೆ, ಹೆಂಡತಿಯ ಪುಳಿಯೋಗರೆ ಮಗಳ ಹೊಟ್ಟೆಯಿಂದ ಹೊರಗೆ. ಇಷ್ಟೆಲ್ಲ ಆದ ಮೇಲೆ ವಿಮೆಯವರು ‘ರಸ್ತೆ ಬಿಟ್ಟು ಓಡಿಸಿದ್ದಕ್ಕೆ ಪರಿಹಾರವಿಲ್ಲ’ ಎಂದು ಪತ್ರ ಬರೆಯಬಹುದಿತ್ತು. ಅಂಥ ಪತ್ರಗಳನ್ನು ಬರೆಯುವವನೇ ನಾನು. ದುಬೈಯ ವಿಮಾ ಕಚೇರಿಯೊಂದರಲ್ಲಿ ವಾಹನಗಳ ಕ್ಲೇಮು ನೋಡುತ್ತ ತಲೆ ನರೆತಿದೆ. ಬೇರೆಯವರಿಗೆ ರಸ್ತೆ ಕಾಣುವ ಕಡೆ ನನಗೆ ಫೋಟೋ ಲಗತ್ತಿಸಿದ ಫೈಲು ಕಾಣುತ್ತದೆ.

ಆದರೂ ಹೊರಟೆ. ಮಗಳು ಆಗಸ್ಟಿನಲ್ಲಿ ಕಾಲೇಜಿಗೆಂದು ಮೈಸೂರಿಗೆ ಹೋಗುವವಳು. ಅಬುಧಾಬಿಯ ಕರಾವಳಿಯಿಂದ ಅಲ್ ಐನ್‌ನ ಖರ್ಜೂರದ ತೋಟಗಳವರೆಗೆ ಹಿಂದೆ ಒಂಟೆಗಳ ಸಾಲು ನಡೆಯುತ್ತಿದ್ದ ದಾರಿಯ ನಕ್ಷೆಯನ್ನು ಅವಳು ಶಾಲೆಯ ಪ್ರಾಜೆಕ್ಟಿಗೆ ಬರೆದಿದ್ದಳು. ಬಾವಿಯಿಂದ ಬಾವಿಗೆ, ದಿನಗಟ್ಟಲೆ ನಡಿಗೆ. ಈಗ ಹೆದ್ದಾರಿಯಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ಹಳೆಯ ದಾರಿಯ ಒಂದು ತುಂಡನ್ನಾದರೂ, ಒಂದು ಬಾವಿಯವರೆಗಾದರೂ, ನನ್ನ ಜೊತೆ ಹೋಗಬೇಕೆಂಬುದು ಅವಳ ಆಸೆ. ಎರಡು ಸಲ ಹೊರಟಿದ್ದೆವು. ಒಮ್ಮೆ ಮಂಜು ಇದೆ ಎಂದು, ಇನ್ನೊಮ್ಮೆ ಮಂಜು ಇಲ್ಲದಿರುವುದೇ ಅನುಮಾನಾಸ್ಪದ ಎಂದು, ಅರ್ಧ ದಾರಿಯಲ್ಲಿ ನಾನೇ ಗಾಡಿ ತಿರುಗಿಸಿದ್ದೆ. ಇದು ಮಾರ್ಚ್. ಬಿಸಿಲು ಏರಿದರೆ ಮರುಭೂಮಿಯ ಕಾಲ ಮುಗಿಯುತ್ತದೆ. ಆಮೇಲೆ ಅವಳೂ ಇರುವುದಿಲ್ಲ.

“ಡೀಲ್ ಇಷ್ಟೇ ಅಪ್ಪಾ,” ಅಂದಳು. “ಬಾವಿ ಬರೋ ತನಕ ‘ವಾಪಸ್ ಹೋಗೋಣ’ ಅಂತ ನೀನು ಹೇಳಂಗಿಲ್ಲ. ಒಂದ್ಸಲಾನೂ. ಆಮೇಲೆ ಇನ್ನೊಂದು, ಬ್ಯಾಸ್ಕೆಟ್ ನಾನೇ ಪ್ಯಾಕ್ ಮಾಡಿದೀನಿ. ಚೆಕ್ ಮಾಡ್ಬೇಡ.”

“ನಾನು ಯಾವತ್ತು ಚೆಕ್ ಮಾಡಿದೀನಿ?” ಅಂದೆ. ಅಡುಗೆಮನೆಯಲ್ಲಿ ಹೆಂಡತಿ ಕೆಮ್ಮಿದಳು.

ಮರುಭೂಮಿಗೆ ಒಂಟಿ ಗಾಡಿ ಹೋಗಬಾರದು. ಹಾಗಾಗಿ ಅಲ್ ಕುಸೈಸಿನ ನಮ್ಮದೇ ಕಟ್ಟಡದ ಮೂರನೇ ಮಹಡಿಯವರೊಬ್ಬರು ತಮ್ಮ ಗಾಡಿಯಲ್ಲಿ ಮುಂದೆ ಹೊರಟರು. ಮಂಗಳೂರಿನ ಕೊಂಕಣಿಯವರು, ಹೋಟೆಲಿನ ಕೆಲಸ, ವಾರದ ರಜೆಯೆಲ್ಲ ಮರಳಲ್ಲೇ. ನನ್ನದೂ ಫೋರ್ ವೀಲ್ ಡ್ರೈವ್ ಗಾಡಿಯೇ. ಕೊಂಡು ಆರು ವರ್ಷವಾಗಿದೆ. ಅದು ಈವರೆಗೆ ಏರಿದ ಅತಿ ಕಠಿಣ ಎತ್ತರವೆಂದರೆ ಊದ್ ಮೇಥಾದಲ್ಲಿ ಪಾರ್ಕಿಂಗ್ ಸಿಗದೆ ಹತ್ತಿದ ಫುಟ್‌ಪಾತು.

ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ನಿಂತೆವು. ಮೂರನೇ ಮಹಡಿಯವರು ಬಗ್ಗಿ ನನ್ನ ಟೈರು ನೋಡಿದರು.

“ಎಷ್ಟು ಗಾಳಿ ತುಂಬಿಸಿದ್ದೀರಿ ಮಾರಾಯ್ರೇ? ಇದು ಟೈರಾ, ಬಲೂನಾ?”

“ಸೇಫ್ಟಿಗೆ. ನಿನ್ನೆ ಪಂಪಿಗೆ ಹೋಗಿ ಫುಲ್ ಮಾಡಿಸ್ದೆ.”

“ಮರಳಿಗೆ ಗಾಳಿ ಬಿಡ್ಬೇಕು. ಅರ್ಧಕ್ಕರ್ಧ. ಆಗ ಟೈರ್ ಅಗಲ ಆಗ್ತದೆ, ಒಂಟೆ ಪಾದದ ಹಾಗೆ.”

ನಾಲ್ಕೂ ಟೈರಿನ ಪಕ್ಕ ಮಂಡಿಯೂರಿ, ನನ್ನ ಸುರಕ್ಷತೆ ಬುಸ್ಸೆಂದು ಹೊರಗೆ ಹೋಗುವುದನ್ನು ಕೇಳಿಸಿಕೊಂಡೆ. ತಾಯಿ ಮಗಳು ಬೇಲಿಯಾಚೆಯ ಒಂಟೆಗಳನ್ನು ನೋಡಲು ಹೋಗಿದ್ದರು. ಅಷ್ಟರಲ್ಲಿ ನಾನು ಬುಟ್ಟಿಯನ್ನು ಚೆಕ್ ಮಾಡಲಿಲ್ಲ. ಸುಮ್ಮನೆ ಮುಚ್ಚಳ ತೆಗೆದು ನೋಡಿದೆ. ಪುಳಿಯೋಗರೆ, ಲೋಟಗಳು, ಒಂದು ಫ್ಲಾಸ್ಕು, ಮೇಲೆ ನಾಲ್ಕು ನಿಂಬೆಹಣ್ಣು.

ನಾಲ್ಕು ಚಕ್ರ, ನಾಲ್ಕು ನಿಂಬೆ. ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ನನ್ನ ಮೇಜಿಗೆ ಯಾವ ಕ್ಲೇಮಿನ ಜೊತೆಗೂ ಬಂದಿಲ್ಲ. ನಮ್ಮ ಮನೆಯಲ್ಲಿ ಹೊಸ ಗಾಡಿಯಾಗಲಿ ದೂರದ ಪ್ರಯಾಣವಾಗಲಿ, ನಿಂಬೆ ತುಳಿಯದೆ ಹೊರಟದ್ದಿಲ್ಲ. ಮಗಳ ಬುಟ್ಟಿಗೆ ಹೆಂಡತಿಯೇ ಸೇರಿಸಿರಬೇಕು, ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಹೆದರಿದ್ದಾಳೆ, ಪಾಪ, ಅಂದುಕೊಂಡೆ. ಮನಸ್ಸಿಗೆ ಬಹಳ ಹಿತವಾಯಿತು. ಒಂದೊಂದು ಚಕ್ರದ ಮುಂದೆ ಒಂದೊಂದನ್ನು ಇಟ್ಟೆ. ಮೂರನೇ ಮಹಡಿಯವರು, ಗಾಡಿಯ ಕನ್ನಡಿಗೆ ಶಿಲುಬೆಯ ಜಪಮಾಲೆ ತೂಗುಹಾಕಿಕೊಂಡವರು, ಟೋಪಿ ತೆಗೆದು ಗೌರವದಿಂದ ಕಾದರು. “ಆಯ್ತಲ್ಲ? ಯಲ್ಲಾ, ಹೊರಡುವ,” ಅಂದರು.

ತಾಯಿ ಮಗಳು ಹತ್ತಿದರು. ಗಾಡಿ ಮುಂದೆ ಹೋಯಿತು. ಪಚಕ್ ಎಂಬ ಸದ್ದು ಬರಲಿಲ್ಲ.

ಕನ್ನಡಿಯಲ್ಲಿ ನೋಡಿದೆ. ನಿಂಬೆಹಣ್ಣುಗಳೇ ಇರಲಿಲ್ಲ. ಒಡೆಯಲು ಕೆಳಗೆ ಗಟ್ಟಿ ನೆಲ ಬೇಕೆಂಬುದು ನನಗೆ ಹೊಳೆದಿರಲಿಲ್ಲ. ಮರಳು ನಾಲ್ಕನ್ನೂ ಮಾತ್ರೆಯಂತೆ ನುಂಗಿತ್ತು. ಇಡೀ ನಿಂಬೆಯನ್ನು ನುಂಗುವ ನೆಲ ಇಡೀ ಕುಟುಂಬವನ್ನು ಬಿಡುತ್ತದೆಯೇ? ಹೇಳಬಾರದ ಆ ಎರಡು ಪದ ನಾಲಿಗೆಯ ತುದಿಗೆ ಬಂದವು. ನೀರು ಕುಡಿದು ನುಂಗಿದೆ. ಮುಂದಿನ ಒಂದು ಗಂಟೆಯಲ್ಲಿ ಮೂರು ಬಾಟಲಿ ಖಾಲಿಯಾದವು. ಮಗಳು ಫೋನಿನ ನಕ್ಷೆ ನೋಡುತ್ತ, “ಇಲ್ಲೇ ಅಪ್ಪಾ, ಎಕ್ಸಾಕ್ಟ್ಲಿ ಇಲ್ಲೇ ಒಂಟೆಗಳು ಹೋಗ್ತಿದ್ವು,” ಅನ್ನುತ್ತಿದ್ದಳು. ಎಲ್ಲ ಕಡೆಯೂ ಒಂದೇ ಥರದ ಮರಳು. ಒಂಟೆಗಳಿಗೆ ಹೇಗೆ ಗೊತ್ತಾಗುತ್ತಿತ್ತೋ.

ದೊಡ್ಡ ದಿಬ್ಬದ ಅರ್ಧದಲ್ಲಿ ನನ್ನ ಕಾಲು ತಾನಾಗಿ ಆಕ್ಸಿಲರೇಟರ್ ಬಿಟ್ಟಿತು. ಗಾಡಿ ನಿಂತು, ಮೆಲ್ಲನೆ ಹಿಂದಕ್ಕೆ ಇಳಿದು, ಹೊರಟಲ್ಲಿಗೇ ಬಂತು. ಮೂರನೇ ಮಹಡಿಯವರು ಕೊಟ್ಟಿದ್ದ ವಾಕಿಟಾಕಿ ಗೊರಗೊರ ಅಂದಿತು.

“ಎಂತ ಆಗ್ಲಿಲ್ಲ. ಬೇಡ ಅಂತಾದ್ರೆ ಎಡಗಡೆ ಹೋದ್ರೆ ಐದು ನಿಮಿಷಕ್ಕೆ ರೋಡ್ ಸಿಗ್ತದೆ. ನೀವು ಹೇಗೆ ಹೇಳ್ತೀರೋ ಹಾಗೆ.”

ಹೆಂಡತಿ ನನ್ನನ್ನು ನೋಡಿದಳು. ಮಗಳು ನೋಡಲಿಲ್ಲ. ಫೋನನ್ನು ತೊಡೆಯ ಮೇಲೆ ಬೋರಲು ಹಾಕಿ, ಕಿಟಕಿಯಾಚೆ ಮುಖ ತಿರುಗಿಸಿದಳು. ಹಿಂದಿನ ಎರಡು ಸಲವೂ ಹೀಗೆಯೇ ತಿರುಗಿಸಿದ್ದಳು. ಬಾಟಲಿಯಲ್ಲಿ ನೀರೂ ಉಳಿದಿರಲಿಲ್ಲ.

“ಎಡಗಡೆ ಬೇಡ,” ಅಂದೆ.

ಎರಡನೆಯ ಸಲ ಆಕ್ಸಿಲರೇಟರ್ ಮೇಲೆ ಒತ್ತಿದ ಕಾಲನ್ನು ತೆಗೆಯಲೇ ಇಲ್ಲ. ಕಣ್ಣು ಮುಚ್ಚಿಕೊಂಡಿರಲಿಲ್ಲ ಎಂದು ಪ್ರಮಾಣ ಮಾಡಲಾರೆ. ತೆರೆದಾಗ ನಾವು ಮೇಲಿದ್ದೆವು. ಕೆಳಗೆ ಒಂದು ಗಾಫ್ ಮರ, ಅದರ ನೆರಳಿನಲ್ಲಿ ಕಲ್ಲು ಕಟ್ಟಿದ ಮೋಟು ಬಾವಿ.

ಟೈರು ಕಳಚಲಿಲ್ಲ, ಒಂಟೆ ಬರಲಿಲ್ಲ, ಒಮಾನ್ ಇದ್ದಲ್ಲೇ ಇತ್ತು. ಮಗಳು ಬಂದು ನನ್ನ ತೋಳಿಗೆ ಒಂದು ಗುದ್ದು ಕೊಟ್ಟು, ಬುಟ್ಟಿ ಇಳಿಸಿಕೊಂಡು ಬಾವಿಯ ಕಟ್ಟೆಯ ಮೇಲೆ ಲೋಟಗಳನ್ನು ಸಾಲಾಗಿ ಜೋಡಿಸಿದಳು. ದಾರಿಹೋಕರು ಬಾವಿಯ ಹತ್ತಿರ ಇಳಿದಾಗ ಯಾರಾದರೂ ಕುಡಿಯಲು ಕೊಡಬೇಕಲ್ಲ. ಇವತ್ತು ಅದು ತಾನು ಎಂದು ವಾರದಿಂದ ಗುಟ್ಟಾಗಿ ಯೋಚಿಸಿದ್ದಳಂತೆ. ಫ್ಲಾಸ್ಕಿನಿಂದ ಏಲಕ್ಕಿ ಹಾಕಿದ ತಣ್ಣನೆಯ ಸಕ್ಕರೆ ನೀರು ಬಗ್ಗಿಸಿದಳು. ಆಮೇಲೆ ಬುಟ್ಟಿಯೊಳಗೆ ಕೈ ಹಾಕಿದಳು. ಹುಡುಕಿದಳು.

“ಅಮ್ಮಾ, ಪಾನಕಕ್ಕೆ ಲೆಮನ್ಸ್ ಇಟ್ಟಿದ್ದೆ. ಫೋರ್.”

“ನಾನು ಮುಟ್ಟಿಲ್ಲ ಪುಟ್ಟಿ.”

ಮೂರನೇ ಮಹಡಿಯವರು ಟೋಪಿಯನ್ನು ಮತ್ತೆ ತೆಗೆದು, ಅದರ ಒಳಭಾಗವನ್ನು ಆಸಕ್ತಿಯಿಂದ ಪರೀಕ್ಷಿಸತೊಡಗಿದರು. ನಾನು ಬಂದ ದಾರಿಯ ಕಡೆ ನೋಡಿದೆ. ಹೆಂಡತಿ ನನ್ನನ್ನೇ ನೋಡುತ್ತಿದ್ದಳು.

“ರೀ,” ಅಂದಳು, “ಅದನ್ನು ತರೋಕೆ ವಾಪಸ್ ಹೋಗೋಣ ಅಂತ ಮಾತ್ರ ಹೇಳ್ಬೇಡಿ.”

ಪಾನಕದಲ್ಲಿ ಹುಳಿ ಇರಲಿಲ್ಲ. ನಾನು ಎರಡು ಲೋಟ ಕುಡಿದೆ.